ಒಂದೇ ದಿನದಲ್ಲಿ ಹಿಮಾಲಯ: ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲದ ಕಾಲಂ

ನೋಯ್ಡಾಕ್ಕೆ ಬಂದ ಕನ್ನಡಿಗರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ನಡೆಯುವ ಪ್ರವಾಸಗಳ ಪಟ್ಟಿ ಹೆಚ್ಚುಕಮ್ಮಿ ಒಂದೇ. ಕೆಂಪು ಕೋಟೆ, ಕುತುಬ್ ಮಿನಾರ್, ಅಕ್ಷರಧಾಮ, ಒಂದು ದಿನ ಆಗ್ರಾ, ಒಂದು ದಿನ ಮಥುರಾ ವೃಂದಾವನ. ಇಷ್ಟು ಮುಗಿದ ಮೇಲೆ ಒಂದು ಸಂಜೆ ಬಾಲ್ಕನಿಯಲ್ಲಿ ಕೂತು ಅಮ್ಮ ಕೇಳುತ್ತಾರೆ, 'ಹಿಮಾಲಯ ಇಲ್ಲಿಂದ ಎಷ್ಟು ದೂರ ಆಗುತ್ತಪ್ಪ?' ನಮ್ಮ ಮನೆಯಲ್ಲೂ ಹೋದ ನವೆಂಬರಿನಲ್ಲಿ ಈ ಪ್ರಶ್ನೆ ಬಂತು. ನನ್ನ ಹತ್ತಿರ ರಜೆ ಇರಲಿಲ್ಲ. ಶನಿವಾರ ಒಂದೇ ದಿನ ಖಾಲಿ, ಭಾನುವಾರ ಪ್ರೊಡಕ್ಷನ್ ರಿಲೀಸ್. 'ಒಂದೇ ದಿನದಲ್ಲಿ ಹೋಗಿ ಬರೋಣ' ಅಂದೆ.

ಒಂದು ದಿನದ ಗುಡ್ಡದ ಪ್ರವಾಸ ಅಂದರೆ ನಮ್ಮ ಮನಸ್ಸಿನಲ್ಲಿ ಇರುವುದು ನಂದಿ ಬೆಟ್ಟ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರ್, ಸೂರ್ಯೋದಯ ನೋಡಿ ಮಧ್ಯಾಹ್ನದ ಊಟಕ್ಕೆ ಮನೆ. ಹಾಸನದವರಿಗಾದರೆ ಸಕಲೇಶಪುರ ಇನ್ನೂ ಹತ್ತಿರ. ಇಲ್ಲಿ ಹಾಗಲ್ಲ. ನೋಯ್ಡಾ ಇರುವುದು ಗಂಗಾ ಯಮುನಾ ಬಯಲಿನ ನಟ್ಟನಡುವೆ. ಹಿಮಾಲಯದ ಕಡೆ ಹೊರಟರೆ ಸುಮಾರು ಇನ್ನೂರು ಕಿಲೋಮೀಟರ್ ತನಕ ಒಂದು ಉಬ್ಬೂ ಸಿಗುವುದಿಲ್ಲ. ಮಸ್ಸೂರಿ, ನೈನಿತಾಲ್, ಕಸೌಲಿ, ಎಲ್ಲವೂ 250ರಿಂದ 330 ಕಿಲೋಮೀಟರಿನ ಲೆಕ್ಕ. ಇವುಗಳಲ್ಲಿ ಹತ್ತಿರದ್ದು, ಗದ್ದಲ ಕಡಿಮೆ ಇರುವುದು ಅಂತ ನಾನು ಆರಿಸಿದ್ದು ಲ್ಯಾನ್ಸ್‌ಡೌನ್. ಉತ್ತರಾಖಂಡದ ಪೌರಿ ಗಢವಾಲ್ ಜಿಲ್ಲೆಯ ಊರು, ಸುಮಾರು 1,700 ಮೀಟರ್ ಎತ್ತರ.

ಇಲ್ಲಿ ಒಂದು ಮಾತು. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಚಿಕ್ಕಮಗಳೂರಿನಿಂದ ಬಂದವರು ಲ್ಯಾನ್ಸ್‌ಡೌನಿನಲ್ಲಿ ನಿಂತಾಗ ತಮ್ಮ ಊರಿನ ಬೆಟ್ಟಕ್ಕಿಂತ ಕೆಳಗೇ ಇರುತ್ತಾರೆ. ಅಲ್ಲಿಗೆ ಹೋಗುವುದು ಆ ಊರಿನ ಎತ್ತರಕ್ಕಾಗಿ ಅಲ್ಲ, ಅಲ್ಲಿಂದ ಉತ್ತರಕ್ಕೆ ಕಾಣುವ ಹಿಮದ ಸಾಲಿಗಾಗಿ. ಈ ವ್ಯತ್ಯಾಸ ಗೊತ್ತಿಲ್ಲದೆ ಪ್ಲಾನ್ ಮಾಡಿದ್ದು ನನ್ನ ಮೊದಲ ತಪ್ಪು.

ಪ್ಲಾನ್ ಮಾತ್ರ ಬಹಳ ಚೆನ್ನಾಗಿತ್ತು. ಎಕ್ಸೆಲ್ ಶೀಟಿನಲ್ಲಿ ಸಾಲುಸಾಲಾಗಿ ಹಾಕಿದ್ದೆ. ಬೆಳಗಿನ ಜಾವ 4ಕ್ಕೆ ಸೆಕ್ಟರ್ 62ರಿಂದ ಹೊರಡುವುದು, ದೆಹಲಿ ಮೀರತ್ ಎಕ್ಸ್‌ಪ್ರೆಸ್‌ವೇ, ಮೀರತ್, ಮವಾನಾ, ಮೀರಾಪುರ, ಬಿಜನೌರ್, ನಜೀಬಾಬಾದ್, ಬೆಟ್ಟದ ಬುಡದ ಕೋಟದ್ವಾರ, ಅಲ್ಲಿಂದ ನಲವತ್ತು ಕಿಲೋಮೀಟರ್ ಘಾಟಿ. ಹತ್ತು ಗಂಟೆಗೆ ಲ್ಯಾನ್ಸ್‌ಡೌನ್. ಸಂಜೆ ನಾಲ್ಕಕ್ಕೆ ವಾಪಸ್ ಹೊರಟು ರಾತ್ರಿ ಹತ್ತಕ್ಕೆ ಮನೆ. ಪೆಟ್ರೋಲ್, ಟೋಲ್, ತಿಂಡಿ, ಪ್ರತಿ ಊರಿಗೂ ಇಪ್ಪತ್ತು ಪರ್ಸೆಂಟ್ ಬಫರ್. ಶುಕ್ರವಾರ ರಾತ್ರಿ ಅಪ್ಪನಿಗೆ ತೋರಿಸಿದೆ.

ಅಪ್ಪ ನಿವೃತ್ತ ಕೆಎಸ್‌ಆರ್‌ಟಿಸಿ ಡ್ರೈವರ್. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವರು. ಕನ್ನಡಕ ಏರಿಸಿ ಶೀಟು ನೋಡಿದರು. 'ಚೆನ್ನಾಗೈತೆ. ಡ್ರೈವರ್ ಯಾರು?' ಅಂದರು.

'ನಾನೇ.'

'ಕಂಡಕ್ಟರ್ ನಾನು ಅಂತಿಟ್ಕೊ. ಇನ್ನೊಬ್ಬ ಡ್ರೈವರ್ ಯಾರು?'

ನಾನು ನಕ್ಕು ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಒಂದು ರಿಲೀಸ್ ಕಾಲ್ ಬಂದು ಹನ್ನೆರಡೂವರೆವರೆಗೂ ಎಳೆಯಿತು. ಮೂರಕ್ಕೆ ಅಲಾರಂ.

ಹೊರಟಿದ್ದು ಐದೂಕಾಲಿಗೆ. ಮನೆಯಲ್ಲಿ ಹಿರಿಯರಿದ್ದರೆ ನಾಲ್ಕು ಅಂದರೆ ಐದೂಕಾಲು ಅಂತಲೇ ಲೆಕ್ಕ ಹಾಕಬೇಕು. ಅಮ್ಮನಿಗೆ ಪುಳಿಯೋಗರೆ ಡಬ್ಬಿ, ಮೊಸರನ್ನದ ಡಬ್ಬಿ, ಚಟ್ನಿಪುಡಿ, ಫ್ಲಾಸ್ಕು ಎಲ್ಲ ಸೇರಿಸಬೇಕಿತ್ತು. ಎಕ್ಸ್‌ಪ್ರೆಸ್‌ವೇ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ಮೀರತ್ ದಾಟಿದ ಮೇಲೆ ಶುರುವಾಯಿತು ನೋಡಿ ನಿಜವಾದ ಪಶ್ಚಿಮ ಉತ್ತರ ಪ್ರದೇಶ. ನವೆಂಬರ್ ಅಂದರೆ ಅಲ್ಲಿ ಕಬ್ಬು ಅರೆಯುವ ಕಾಲ. ರಸ್ತೆಯ ಅರ್ಧ ಅಗಲಕ್ಕೆ ಚಾಚಿಕೊಂಡ ಕಬ್ಬಿನ ಟ್ರ್ಯಾಲಿಗಳು, ಎತ್ತಿನ ಗಾಡಿಗಳು, ಕಾರ್ಖಾನೆ ಮುಂದೆ ಮೈಲಿಗಟ್ಟಲೆ ಸಾಲು. ಮಂಡ್ಯದ ಕಡೆಯವರಿಗೆ ಇದೇನು ಹೊಸದಲ್ಲ, ಆದರೆ ಗೂಗಲ್ ಮ್ಯಾಪಿಗೆ ಹೊಸದು. ಮವಾನಾ ಹತ್ತಿರ 'ಹಸ್ತಿನಾಪುರ' ಅಂತ ಬಾಣದ ಗುರುತಿನ ಬೋರ್ಡು ಕಂಡು ಅಮ್ಮ ಕೂತಲ್ಲಿಂದಲೇ ಕೈ ಮುಗಿದರು. ಬೋರ್ಡು ದಾಟಿ ಸ್ವಲ್ಪ ದೂರದಲ್ಲೇ ಟಯರ್ ಪಂಕ್ಚರ್ ಆಯಿತು. ಬಿಜನೌರಿನ ಮುಂಚೆ ಗಂಗಾ ಬ್ಯಾರೇಜಿನ ಮೇಲೆ ಒಂದು ಜಾಮು. ಕೋಟದ್ವಾರ ಮುಟ್ಟಿದಾಗ ಗಂಟೆ ಹನ್ನೊಂದು ನಲವತ್ತು.

ಕೋಟದ್ವಾರದಲ್ಲಿ ಬಯಲು ಮುಗಿಯುತ್ತದೆ. ಊರಿನ ಕೊನೆಗೆ ಖೋಹ್ ನದಿ, ಅದರ ದಡದ ಮೇಲೆ ಸಿದ್ಧಬಲಿ ಹನುಮಂತನ ಗುಡಿ, ಗುಡಿಯ ಹಿಂದಿನಿಂದಲೇ ಬೆಟ್ಟ ಎದ್ದು ನಿಲ್ಲುತ್ತದೆ. ಅಲ್ಲಿ ಊಟ ಮಾಡಿ ಹನ್ನೆರಡೂವರೆಗೆ ನಾನು ಕೀ ತೆಗೆದೆ. ಅಪ್ಪ ಕಾರಿಗೆ ಹತ್ತಲಿಲ್ಲ.

'ಎಷ್ಟೊತ್ತಿಗೆ ಎದ್ದೆ?'

'ಮೂರಕ್ಕೆ.'

'ಮಲಗಿದ್ದು?'

ನಾನು ಸುಮ್ಮನಾದೆ. 'ಇನ್ನೊಂದೂವರೆ ಗಂಟೆ ಅಷ್ಟೇ ಅಪ್ಪ. ಇಷ್ಟು ದೂರ ಬಂದು...' ಅಂದೆ.

'ಹತ್ತಕ್ಕೆ ಒಂದೂವರೆ ಗಂಟೆ. ಇಳಿಯಕ್ಕೆ? ಅಲ್ಲಿಂದ ಮನೆಗೆ? ಬೆಟ್ಟ ಎಲ್ಲೂ ಹೋಗಲ್ಲ. ವಾಪಸ್ ಹೊರಡೋ ಟೈಮ್ ಮೊದಲು ಹೇಳು.'

ಅಮ್ಮನ ಮುಖ ನೋಡಿದೆ. ಅವರಿಗೆ ಆಸೆ ಇತ್ತು, ಗೊತ್ತಾಗುತ್ತಿತ್ತು. ಬರುವ ವಾರ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿತ್ತು. ಅಮ್ಮನ ಮಂಡಿನೋವು ನೋಡಿದರೆ ಇನ್ನೊಂದು ಸಲ ದೆಹಲಿಗೆ ಬರುತ್ತಾರೆ ಅನ್ನುವ ಧೈರ್ಯ ನನಗಿಲ್ಲ. ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅಪ್ಪ ಗುಡಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ಮೂವತ್ತು ವರ್ಷ ಡಿಪೋ ಮ್ಯಾನೇಜರುಗಳ ಜತೆ ವಾದ ಮಾಡಿದ ಮನುಷ್ಯ ಅವರು. ನನ್ನ ಎಂಟೆಕ್ ಅಲ್ಲಿ ನಡೆಯಲಿಲ್ಲ.

ಹಿಮ ನೋಡದೆ ವಾಪಸ್ ತಿರುಗಿದೆವು. ಬಿಜನೌರಿನಲ್ಲಿ ಗಂಗೆಯ ದಡದ ಹತ್ತಿರ ಅಪ್ಪ ಕಾರು ನಿಲ್ಲಿಸಿಸಿ, 'ಎರಡು ಗಂಟೆ ಮಲಗು' ಅಂದರು. ಸಿಟ್ಟಿನಲ್ಲೇ ಮಲಗಿದೆ. ಎದ್ದಾಗ ನಾಲ್ಕೂವರೆ.

ದಕ್ಷಿಣದವರು ಮರೆಯುವ ಇನ್ನೊಂದು ವಿಷಯ ಇಲ್ಲಿನ ಹಗಲು. ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು ಹನ್ನೊಂದೂಕಾಲು ಗಂಟೆಗೂ ಹೆಚ್ಚು, ದೆಹಲಿಯದು ಹತ್ತೂಕಾಲು ಗಂಟೆಯ ಆಸುಪಾಸು. ನವೆಂಬರ್ ಮಧ್ಯದಲ್ಲೇ ಐದೂವರೆಗೆ ಸೂರ್ಯ ಮುಳುಗಿರುತ್ತಾನೆ. ಮೇಲಿನಿಂದ ಹೊಲದ ಹೊಗೆ, ಮಂಜು. ಮೀರಾಪುರ ದಾಟಿ ಸ್ವಲ್ಪ ದೂರ ಬಂದಿದ್ದೆವು, ಆರು ಗಂಟೆ ಇರಬಹುದು. ಎದುರಿನಿಂದ ಬಂದ ಲಾರಿಯ ಹೆಡ್‌ಲೈಟ್ ಕಣ್ಣಿಗೆ ಹೊಡೆದು ಹೋದ ಮರುಕ್ಷಣ ಬಾನೆಟ್ಟಿನ ಮುಂದೆಯೇ ಕಬ್ಬಿನ ಗೋಡೆ. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಹಾಕಿದೆ. ಕಬ್ಬಿನ ಗರಿ ಬಾನೆಟ್ಟಿಗೆ ಸವರಿದ ಸದ್ದು ಕೇಳಿಸಿತು. ಅಷ್ಟೇ, ಮತ್ತೇನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಎಚ್ಚರವೂ ಆಗಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಎರಡು ಗಂಟೆ ನಿದ್ದೆ ಮಾಡಿರದಿದ್ದರೆ, ಅದೂ ರಾತ್ರಿ ಒಂಬತ್ತಕ್ಕೆ ಘಾಟಿ ಇಳಿದು ಅದೇ ಜಾಗಕ್ಕೆ ಬಂದಿದ್ದರೆ ಅಂತ ಮೀರತ್ ತನಕ ಯೋಚಿಸುತ್ತಲೇ ಬಂದೆ.

ಮಾರನೆಯ ದಿನ ಅಪ್ಪ ತಮ್ಮ ಕಾಲದ ಡ್ಯೂಟಿ ಲೆಕ್ಕ ಹೇಳಿದರು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು. ದೂರದ ಮಾರ್ಗವಾದರೆ ಹತ್ತರವರೆಗೆ ಸಡಿಲಿಕೆ. ಸತತ ಐದು ಗಂಟೆ ದುಡಿದರೆ ಅರ್ಧ ಗಂಟೆ ವಿಶ್ರಾಂತಿ ಕೊಡಲೇಬೇಕಿತ್ತು. ಬದುಕಿಗಾಗಿ ಬಸ್ ಓಡಿಸುವವನಿಗೆ, ಕೈ ಪಳಗಿದವನಿಗೆ ಇಷ್ಟು ಮಿತಿ ಇತ್ತು. ವಾರವಿಡೀ ಕುರ್ಚಿಯಲ್ಲಿ ಕೂತು ಶನಿವಾರ ಮಾತ್ರ ಸ್ಟೇರಿಂಗ್ ಹಿಡಿಯುವ ನಾನು ಹಾಕಿಕೊಂಡದ್ದು ಎರಡೂವರೆ ಗಂಟೆಯ ನಿದ್ದೆಯ ಮೇಲೆ ಹನ್ನೆರಡು ಗಂಟೆಯ ಡ್ರೈವಿಂಗ್. ಶೀಟಿನಲ್ಲಿ ಕಿಲೋಮೀಟರಿಗೆ ಕಾಲಂ ಇತ್ತು, ಟೋಲಿಗೆ ಕಾಲಂ ಇತ್ತು. ಡ್ರೈವರ್ ಎಷ್ಟು ಹೊತ್ತು ಎಚ್ಚರವಾಗಿದ್ದಾನೆ ಅನ್ನುವುದಕ್ಕೆ ಇರಲಿಲ್ಲ. ಹಾಕಿ ನೋಡಿದೆ. ಮೂರಕ್ಕೆ ಎದ್ದವನಿಗೆ ಮಧ್ಯಾಹ್ನ ಎರಡಕ್ಕೆ ಹನ್ನೊಂದು, ರಾತ್ರಿ ಹತ್ತಕ್ಕೆ ಹತ್ತೊಂಬತ್ತು. ನಮ್ಮ ಆಫೀಸಿನಲ್ಲಿ ಹತ್ತೊಂಬತ್ತು ಗಂಟೆ ಎಚ್ಚರವಿದ್ದವನ ಕೈಗೆ ಪ್ರೊಡಕ್ಷನ್ ಸರ್ವರ್ ಕೊಡುವುದಿಲ್ಲ.

ಆ ಕಾಲಂ ಹಾಕಿದ ಮೇಲೆ ಪ್ಲಾನ್ ತಾನಾಗಿಯೇ ಬದಲಾಯಿತು. ರಸ್ತೆ ಬಿಟ್ಟು ರೈಲು ಹುಡುಕಿದೆ. ಬೆಟ್ಟದ ಬುಡಕ್ಕೆ ರೈಲು ತಂದು ನಿಲ್ಲಿಸುವ ಕೆಲಸ ಬ್ರಿಟಿಷರ ಕಾಲದ್ದು. ನೈನಿತಾಲಿನ ಬುಡದ ಕಾಠಗೋದಾಮಿಗೆ 1884ರಲ್ಲಿ, ಶಿಮ್ಲಾ ಕಸೌಲಿಯ ಬುಡದ ಕಾಲ್ಕಾಗೆ 1891ರಲ್ಲಿ ರೈಲು ಬಂತು. ಇವತ್ತಿಗೂ ಹಳೆ ದೆಹಲಿಯಿಂದ ರಾತ್ರಿ ರಾಣಿಖೇತ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವ ಕಾಠಗೋದಾಮ್, ನೇತಾಜಿ ಎಕ್ಸ್‌ಪ್ರೆಸ್ ಹತ್ತಿದರೆ ಕಾಲ್ಕಾ. ಕೋಟದ್ವಾರಕ್ಕೂ 2023ರ ಅಕ್ಟೋಬರಿನಿಂದ ಆನಂದ್ ವಿಹಾರದಿಂದ ರಾತ್ರಿ ರೈಲು ಇದೆ. ಹತ್ತಕ್ಕೆ ಸ್ವಲ್ಪ ಮುಂಚೆ ಇಲ್ಲಿಂದ ಹೊರಟು ನಾಲ್ಕರ ಸುಮಾರಿಗೆ ಕೋಟದ್ವಾರ. ಅದೇ ದಿನ ರಾತ್ರಿ ಹತ್ತರ ಹೊತ್ತಿಗೆ ಅಲ್ಲಿಂದ ಹೊರಟರೆ ಮರುದಿನ ನಸುಕಿಗೆ ಆನಂದ್ ವಿಹಾರ. ಸಮಯ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಆದರೆ ಲೆಕ್ಕ ಗಮನಿಸಿ. ಬೆಟ್ಟಕ್ಕೆ ಪೂರ್ತಿ ಒಂದು ಹಗಲು ಸಿಗುತ್ತದೆ, ಬಯಲಿನ ನಾನೂರು ಕಿಲೋಮೀಟರನ್ನು ನಿದ್ದೆಯಲ್ಲಿ ದಾಟುತ್ತೀರಿ. ಕೋಟದ್ವಾರಕ್ಕೆ ಹೀಗೊಂದು ರೈಲಿದೆ ಅಂತ ನೋಯ್ಡಾದಲ್ಲಿ ಆರು ವರ್ಷ ಇದ್ದ ನನಗೇ ಗೊತ್ತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಗಢವಾಲದವನು. ಅವನು ಹಬ್ಬಕ್ಕೆ ಊರಿಗೆ ಹೋಗುವುದೇ ಅದರಲ್ಲಿ!

ಮುಂದಿನ ಶುಕ್ರವಾರ ಆಫೀಸ್ ಮುಗಿಸಿ ಹೊರಟೆವು. ಸೆಕ್ಟರ್ 62ರಲ್ಲಿ ಬ್ಲೂ ಲೈನ್ ಮೆಟ್ರೋ ಹತ್ತಿ, ಯಮುನಾ ಬ್ಯಾಂಕಿನಲ್ಲಿ ಬದಲಿಸಿ ಆನಂದ್ ವಿಹಾರ. ಲಿಫ್ಟು, ಎಸ್ಕಲೇಟರು ಇರುವುದರಿಂದ ಅಮ್ಮನ ಮಂಡಿಗೆ ತೊಂದರೆಯಾಗಲಿಲ್ಲ. ಅಮ್ಮನಿಗೆ ಲೋವರ್ ಬರ್ತ್. ಅಪ್ಪ ಎದುರಿನ ಬರ್ತಿನಲ್ಲಿ ಶಾಲು ಹೊದ್ದು ಗಾಜಿಯಾಬಾದ್ ಬರುವ ಮುಂಚೆಯೇ ನಿದ್ದೆ ಹೋದರು.

ನಾಲ್ಕು ಗಂಟೆಗೆ ಕೋಟದ್ವಾರದ ಪ್ಲಾಟ್‌ಫಾರ್ಮ್ ಮೇಲೆ ಚಳಿ ಹಲ್ಲು ಕಟಕಟಿಸುವ ಹಾಗಿತ್ತು. ನವೆಂಬರಿನಲ್ಲಿ ಹೋಗುವವರು ಸ್ವೆಟರ್, ಕಿವಿಗೆ ಮಫ್ಲರ್, ಕಾಲುಚೀಲ ಬ್ಯಾಗಿನ ಮೇಲ್ಗಡೆಯೇ ಇಟ್ಟುಕೊಳ್ಳಿ. ಕತ್ತಲಲ್ಲಿ ಘಾಟಿ ಹತ್ತುವ ಅವಸರ ಬೇಡ. ವೇಟಿಂಗ್ ರೂಮಿನಲ್ಲಿ ಮುಖ ತೊಳೆದು, ಚಹಾ ಕುಡಿದು, ಆರರ ಸುಮಾರಿಗೆ ಬೆಳಕು ಹರಿಯುವಾಗ ಸ್ಟ್ಯಾಂಡಿಗೆ ಬಂದೆವು. ಒಬ್ಬಿಬ್ಬರಾದರೆ ಷೇರ್ ಜೀಪ್ ಸಾಕು. ಹಿರಿಯರಿದ್ದರೆ ಇಡೀ ದಿನಕ್ಕೆ ಒಂದು ಟ್ಯಾಕ್ಸಿ ಮಾತಾಡಿಕೊಳ್ಳುವುದು ಒಳ್ಳೆಯದು. ಕಾಯುವ ಹೊತ್ತೂ ಸೇರಿ ದರ ಎಷ್ಟು ಅಂತ ಹತ್ತುವ ಮೊದಲೇ ಮುಗಿಸಿಬಿಡಿ. ಅಪ್ಪ ದರ ಕೇಳಲಿಲ್ಲ. ಟಯರ್ ನೋಡಿದರು, ಬಗ್ಗಿ ಹಿಂದಿನ ದೀಪ ನೋಡಿದರು, ಆಮೇಲೆ ತಮ್ಮ ಹಾಸನದ ಹಿಂದಿಯಲ್ಲಿ ಡ್ರೈವರನಿಗೆ 'ರಾತ್ ಮೇ ಸೋಯಾ?' ಅಂತ ಕೇಳಿದರು. ಆ ಹುಡುಗ ನಕ್ಕು, 'ಪೂರಾ ಸೋಯಾ ಬಾಬೂಜಿ' ಅಂದ. ಅಪ್ಪ ಮುಂದಿನ ಸೀಟಿನಲ್ಲಿ ಕೂತರು.

ದಾರಿ ಖೋಹ್ ನದಿಯ ಪಕ್ಕದಲ್ಲೇ ಸಾಲ ಮರದ ಕಾಡಿನೊಳಗೆ ದುಗಡ್ಡಾದವರೆಗೆ ಹೋಗುತ್ತದೆ. ಅದನ್ನು ದಾಟಿದ ಮೇಲೆ ತಿರುವುಗಳು, ಪೈನ್ ಮರಗಳು. ಶಿರಾಡಿಯಂತೆ ಕತ್ತಲುಗವಿದ ಹಸಿರಲ್ಲ ಇದು. ಮರಗಳ ನಡುವೆ ಬೆಳಕಿದೆ, ಕೆಳಗೆ ಒಣಗಿದ ಸೂಜಿ ಎಲೆಗಳ ಹಾಸಿದೆ. ಒಂದು ಕಿರಿದಾದ ತಿರುವಿನಲ್ಲಿ ಮೇಲಿನಿಂದ ಬಂದ ಜೀಪು ತಾನಾಗಿಯೇ ಪಕ್ಕಕ್ಕೆ ನಿಂತು ನಮಗೆ ದಾರಿ ಬಿಟ್ಟಿತು. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಅದು ನಿಯಮ. ಬಯಲಿನಿಂದ ವೀಕೆಂಡಿಗೆ ಹೋಗುವ ನಮ್ಮಂಥವರಿಗೇ ಅದು ಗೊತ್ತಿರುವುದಿಲ್ಲ. ಅಪ್ಪ ತಿರುಗಿ ನನ್ನ ಕಡೆ ನೋಡಿದರು, 'ಕಂಡ್ಯಾ' ಅನ್ನುವ ಹಾಗೆ.

ಲ್ಯಾನ್ಸ್‌ಡೌನಿನ ಮೂಲ ಹೆಸರು ಕಾಲೂಡಾಂಡಾ. ಗಢವಾಲಿಯಲ್ಲಿ ಕಾಲು ಅಂದರೆ ಕಪ್ಪು, ಡಾಂಡಾ ಅಂದರೆ ಗುಡ್ಡ. ನಮ್ಮ ಕಡೆಯ ಕರಿಗುಡ್ಡ ಅಂತಿಟ್ಟುಕೊಳ್ಳಿ. 1887ರಲ್ಲಿ ಗಢವಾಲಿ ಸೈನಿಕರ ಪಡೆ ಇಲ್ಲಿ ನೆಲೆಯೂರಿತು. ಆಮೇಲೆ ಆಗಿನ ವೈಸ್‌ರಾಯ್ ಹೆಸರು ಊರಿಗೆ ಅಂಟಿತು. ಗಢವಾಲ್ ರೈಫಲ್ಸ್‌ನ ರೆಜಿಮೆಂಟಲ್ ಸೆಂಟರ್ ಇವತ್ತಿಗೂ ಇಲ್ಲೇ. ಇಡೀ ಊರು ದಂಡು ಪ್ರದೇಶ. ಆದ್ದರಿಂದಲೇ ಮಸ್ಸೂರಿಯಂತೆ ಹೋಟೆಲುಗಳು ಒಂದರ ಹೆಗಲ ಮೇಲೆ ಒಂದು ಹತ್ತಿ ಕೂತಿಲ್ಲ. ಫೋಟೋ ತೆಗೆಯುವ ಮುಂಚೆ ಬೋರ್ಡು ಓದಿ, ಎಲ್ಲ ಕಡೆ ಅನುಮತಿ ಇಲ್ಲ.

ನಾವು ಬೇರೆಲ್ಲ ಬಿಟ್ಟು ನೇರ ಹೋಗಿದ್ದು ಟಿಪ್ ಇನ್ ಟಾಪ್ ಅನ್ನುವ ವೀಕ್ಷಣಾ ಜಾಗಕ್ಕೆ. ಇದೇ ಈ ಬರಹದಲ್ಲಿ ನಿಮಗೆ ಅತ್ಯಂತ ಉಪಯೋಗದ ಮಾತು ಇರಬಹುದು. ಹಿಮಶಿಖರಗಳಿಗೆ ಹೊತ್ತು ಅಂತ ಇದೆ. ಮಳೆಗಾಲ ಕಳೆದ ಅಕ್ಟೋಬರಿನಿಂದ ಚಳಿಗಾಲದವರೆಗೆ, ಅದೂ ಬೆಳಗಿನಲ್ಲಿ ಆಕಾಶ ತಿಳಿಯಾಗಿರುತ್ತದೆ. ಬಿಸಿಲೇರಿದಂತೆ ಕಣಿವೆಯಿಂದ ಮಬ್ಬು, ಮೋಡ ಏಳುತ್ತವೆ. ನನ್ನ ಮೊದಲ ಪ್ಲಾನಿನಂತೆ ಹತ್ತು ದಾಟಿ, ಅಥವಾ ಅವತ್ತು ಹಟ ಹಿಡಿದು ಎರಡು ಗಂಟೆಗೆ ಬಂದಿದ್ದರೆ ನಮಗೆ ಕಾಣುತ್ತಿದ್ದುದು ಪೈನ್ ಮರ ಮತ್ತು ಮ್ಯಾಗಿ ಅಂಗಡಿ. ಜುಲೈ ಆಗಸ್ಟಿನಲ್ಲಿ ಹೋಗುವ ಯೋಚನೆಯೇ ಬೇಡ. ಶ್ರಾವಣದಲ್ಲಿ ಕಾಂವಡ್ ಯಾತ್ರೆಗೆ ಮೀರತ್ ಕಡೆಯ ರಸ್ತೆಗಳು ತುಂಬಿಹೋಗುತ್ತವೆ, ಮೇಲೆ ಗುಡ್ಡ ಕುಸಿಯುವ ಕಾಲ.

ಗಾಡಿ ಹತ್ತಿರದವರೆಗೂ ಹೋಗುತ್ತದೆ. ಅಮ್ಮ ನನ್ನ ಕೈ ಹಿಡಿದು ಸ್ವಲ್ಪ ದೂರ ನಡೆದರು. ಎಂಟು ಗಂಟೆಯ ಹೊತ್ತು. ಮೊದಲು ಕಂಡಿದ್ದು ನೀಲಿ ಬೆಟ್ಟಗಳ ಸಾಲು, ಅದರ ಹಿಂದೆ ಇನ್ನೊಂದು ಸಾಲು. ಅಮ್ಮ ಅದನ್ನೇ ನೋಡಿ 'ಚೆನ್ನಾಗೈತೆ' ಅಂದರು. ಅವರು ನೋಡುತ್ತಿದ್ದ ಎತ್ತರ ಕಡಿಮೆಯಾಗಿತ್ತು. 'ಅಲ್ಲಲ್ಲ ಅಮ್ಮ, ಇನ್ನೂ ಮೇಲೆ ನೋಡಿ' ಅಂದೆ. ಆಕಾಶ ಶುರುವಾಗಬೇಕಾದ ಜಾಗದಲ್ಲಿ ಬಿಳಿ ಗೋಡೆ ಇತ್ತು. ಚೌಖಂಬಾ, ನಾಲ್ಕು ಶಿಖರಗಳದ್ದು, ಬದರೀನಾಥದ ಪಕ್ಕದ್ದು, 7,138 ಮೀಟರ್. ಮುಳ್ಳಯ್ಯನಗಿರಿಯನ್ನು ಮೂರು ಸಲ ಒಂದರ ಮೇಲೊಂದು ಪೇರಿಸಿದರೂ ಅಲ್ಲಿಗೆ ಮುಟ್ಟುವುದಿಲ್ಲ. ನೂರು ಕಿಲೋಮೀಟರಿಗೂ ಮೀರಿದ ದೂರದಿಂದ ನೋಡುತ್ತಿದ್ದೆವು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಬದರಿಗೆ ಹೋದಂಗೇ ಆಯ್ತು ಬಿಡು' ಅಂತ ಚಪ್ಪಲಿ ಬಿಟ್ಟು ನಿಂತರು. ಆ ಚಳಿಯಲ್ಲಿ ಬರಿಗಾಲಲ್ಲಿ.

ಒಂಬತ್ತೂವರೆಗೆ ಶಿಖರಗಳ ಮೇಲೆ ಬಟ್ಟೆ ಎಳೆದ ಹಾಗೆ ಮಬ್ಬು ಬಂತು. ಆಮೇಲೆ ಅವತ್ತು ಮತ್ತೆ ಕಾಣಲಿಲ್ಲ.

ಉಳಿದ ದಿನವನ್ನು ಅವಸರವಿಲ್ಲದೆ ಕಳೆದೆವು. ಭುಲ್ಲಾ ತಾಲ್ ಅನ್ನುವ ಸಣ್ಣ ಕೆರೆ. ಭುಲ್ಲಾ ಅಂದರೆ ಗಢವಾಲಿಯಲ್ಲಿ ತಮ್ಮ. ಸೈನಿಕರು ಕಟ್ಟಿದ ಕೆರೆ ಅದು. ಪೈನ್ ಮರಗಳ ನಡುವೆ ಸೇಂಟ್ ಮೇರೀಸ್ ಚರ್ಚು. ಸೇನೆಯ ಮ್ಯೂಸಿಯಂಗೆ ದರ್ವಾನ್ ಸಿಂಗ್ ನೇಗಿ ಹೆಸರಿದೆ. 1914ರ ನವೆಂಬರಿನಲ್ಲಿ ಫ್ರಾನ್ಸಿನ ಫೆಸ್ಟೂಬರ್ಟ್ ಹತ್ತಿರ ಗಾಯಗೊಂಡರೂ ಕಾದಾಡಿ ವಿಕ್ಟೋರಿಯಾ ಕ್ರಾಸ್ ಪಡೆದವರು. ಈ ಗುಡ್ಡದ ಹಳ್ಳಿಗಳಿಂದ ಹೋದ ಹುಡುಗರು ಫ್ರಾನ್ಸಿನ ಚಳಿಗಾಲದ ಕಂದಕಗಳಲ್ಲಿ ಇದ್ದರು ಅನ್ನುವುದು ಅಪ್ಪನಿಗೆ ಬಹಳ ಹೊತ್ತು ತಲೆಯಲ್ಲಿ ಉಳಿಯಿತು. 'ನಮ್ಮ ಕೊಡಗಿನಂಗೆ' ಅಂದರು.

ದಕ್ಷಿಣದ ಕಡೆ ತೆರೆದ ಒಂದು ತಿರುವಿನಲ್ಲಿ ನಿಂತು ಮೊಸರನ್ನ ತಿಂದೆವು. ಅಲ್ಲಿಂದ ಕೆಳಗೆ ಬಯಲು ಕಾಣುತ್ತದೆ, ಅಂದರೆ ಬಯಲಿನ ಮೇಲಿನ ಹೊಗೆ ಕಾಣುತ್ತದೆ. ನೆಲಕ್ಕೆ ಬೂದುಬಣ್ಣದ ಮುಚ್ಚಳ ಹಾಕಿದಂತೆ. ನಾವು ದಿನಾ ಉಸಿರಾಡುವುದು ಅದರ ಕೆಳಗೆ. ಅಮ್ಮನಿಗೆ ಅದನ್ನು ತೋರಿಸಲಿಲ್ಲ.

ವಾಪಸ್ ಹೊರಡುವ ಟೈಮ್ ಈ ಸಲ ಮೊದಲೇ ಹೇಳಿದ್ದೆ, ಮೂರೂವರೆ. ರೈಲು ರಾತ್ರಿ ಹತ್ತಕ್ಕೆ ಇದ್ದರೂ ಘಾಟಿಯನ್ನು ಬೆಳಕಿನಲ್ಲೇ ಇಳಿಯಬೇಕು ಅಂತ. ಮೂರೂಕಾಲಿಗೇ ಅಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. ಮೊದಲ ಇಳಿಜಾರು ಬಂದಾಗ ಹುಡುಗ ಬ್ರೇಕ್ ಮುಟ್ಟದೆ ಎರಡನೇ ಗೇರಿಗೆ ಹಾಕಿ ಇಂಜಿನ್ ಸದ್ದಿನ ಮೇಲೆಯೇ ಗಾಡಿ ಇಳಿಸಿದ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ನಾನು ಚಿಕ್ಕಂದಿನಿಂದ ಕೇಳಿದ ಪಾಠ ಅದು. ಅಪ್ಪ ಅವನ ಹೆಗಲು ತಟ್ಟಿ ಹಿಂದಕ್ಕೆ ಒರಗಿದರು. ದುಗಡ್ಡಾ ಬರುವುದರೊಳಗೆ ಗೊರಕೆ ಕೇಳಿಸಿತು. ಬೇರೆಯವರು ಓಡಿಸುವ ಗಾಡಿಯಲ್ಲಿ ಅಪ್ಪ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.